ಬೀಗದ ಬೆನ್ನಿನ ನಂಬರು

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ಸದಸ್ಯರ ಶಿಕ್ಷಣ ಶಿಬಿರದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಈ ಶಿಬಿರದಲ್ಲಿ ಒಬ್ಬೊಬ್ಬ ನಿರ್ದೇಶಕರೂ ಒಂದೊಂದು ವಿಷಯ ಮಾತಾಡಬೇಕು ಅಂತ ಆಡಳಿತ ಮಂಡಳಿ ತೀರ್ಮಾನ ಮಾಡಿತು. ಸಾಲ ವಸೂಲಿ, ಬೆಳೆ ವಿಮೆ, ಷೇರು ಬಂಡವಾಳ ಇಂಥ ದೊಡ್ಡ ವಿಷಯಗಳನ್ನೆಲ್ಲ ದೊಡ್ಡವರು ತಗೊಂಡರು. ನಾವು ಬೀಗದ ವಿಷಯ ಮಾತಾಡುತ್ತೇವೆ ಅಂದಾಗ ಸಭೆಯಲ್ಲಿ ನಕ್ಕರು. "ಬೀಗದ ಬಗ್ಗೆ ಹೇಳೋಕೆ ಏನಿದೆ ಸ್ವಾಮಿ, ಹಾಕೋದು, ತೆಗೆಯೋದು" ಅಂದರು. ಆದರೆ ಇಪ್ಪತ್ತೈದು ವರ್ಷದ ಈ ಸಂಘದಲ್ಲಿ ನಮ್ಮಿಂದ ಆದ ಒಂದು ತಪ್ಪು ಬೀಗದ ಬಾಬತ್ತಿನಲ್ಲೇ ಆಗಿದೆ. ಬೆಳ್ಳಿಹಬ್ಬದ ದಿವಸ ಹಾರ ತುರಾಯಿ ಹಾಕಿಸಿಕೊಂಡು ಅದನ್ನು ಹೇಳದೆ ಹೋದರೆ ನಮ್ಮ ಮನಸ್ಸಿಗೇ ಸಮಾಧಾನವಿರುವುದಿಲ್ಲ. ಆದ್ದರಿಂದ ಈ ವಿಷಯ ಆರಿಸಿಕೊಂಡಿದ್ದೇವೆ. ನಾವು ಬೀಗದ ಕಸುಬು ಕಲಿತವರಲ್ಲ, ಮಣ್ಣಿನ ಕೆಲಸದವರು. ತಪ್ಪು ಮಾಡಿದ ಮೇಲೆ ಕೇಳಿ, ಓದಿ ತಿಳಿದುಕೊಂಡಷ್ಟನ್ನು ತಮ್ಮ ಮುಂದೆ ಇಡುತ್ತೇವೆ.

ಮೊದಲು ನಡೆದದ್ದನ್ನು ಹೇಳುತ್ತೇವೆ.

2016ನೇ ಇಸವಿಯಲ್ಲಿ ನಮ್ಮ ಗೋಡೌನಿನ ಹಳೇ ಬೀಗಗಳು ತುಕ್ಕು ಹಿಡಿದಿದ್ದವು. ಅವುಗಳ ಕೈಗಳು ಎಷ್ಟು, ಯಾರ ಯಾರ ಹತ್ತಿರ ಇವೆ ಅನ್ನುವ ಲೆಕ್ಕವೇ ತಪ್ಪಿಹೋಗಿತ್ತು. ಗೊಬ್ಬರದ ಗೋಡೌನಿನ ಬೀಗದ ಕೈ ಹುಡುಕಿಕೊಂಡು ರೈತರು ಊರೆಲ್ಲ ಸುತ್ತಿದ ದಿವಸಗಳೂ ಉಂಟು. ಅದಕ್ಕೆ ಪರಿಹಾರ ಅಂತ ಬೆಂಗಳೂರಿಗೆ ಹೋದವರು ಒಂದು ಡಜನ್ ನಂಬರು ಬೀಗ ತಂದರು. ಸೂಟ್‌ಕೇಸಿಗೆ ಇರುವಂಥ ಪುಟ್ಟ ಚಕ್ರದ ಬೀಗಗಳಲ್ಲ. ಮುಖದಲ್ಲಿ ಗಡಿಯಾರದ ಹಾಗೆ ಒಂದು ಬಿಲ್ಲೆ, ಅದರ ಸುತ್ತ 0ಯಿಂದ 39ರ ತನಕ ಅಂಕಿ. ಬಲಕ್ಕೆ ಇಷ್ಟು, ಎಡಕ್ಕೆ ಇಷ್ಟು, ಮತ್ತೆ ಬಲಕ್ಕೆ ಇಷ್ಟು ತಿರುಗಿಸಿ ಮೂರು ಅಂಕಿ ಕೂಡಿಸಿದರೆ ಕೊಂಡಿ ಬಿಡುತ್ತದೆ. ಇನ್ನು ಕೈ ಕಳೆದುಹೋಗುವ ತಾಪತ್ರಯವೇ ಇಲ್ಲ ಅಂತ ನಾವೆಲ್ಲ ಸಂತೋಷಪಟ್ಟೆವು. ಗೋಡೌನಿಗೆ, ಔಷಧಿ ಬೀರುವಿಗೆ, ನ್ಯಾಯಬೆಲೆ ಅಂಗಡಿಗೆ, ಸ್ಪ್ರೇಯರ್ ಇಡುವ ಕೋಣೆಗೆ ಒಂದೊಂದು ಹಾಕಿದೆವು. ಒಂದೊಂದು ಬೀಗದ ನಂಬರನ್ನೂ ಇಬ್ಬಿಬ್ಬರಿಗೆ ಮಾತ್ರ ಹೇಳಿದೆವು. ಗೊಬ್ಬರದ ಗೋಡೌನಿನ ನಂಬರು ಕಾರ್ಯದರ್ಶಿಗಳಿಗೂ ಜವಾನರಿಗೂ ಗೊತ್ತು, ಬೇರೆಯವರಿಗೆ ಗೊತ್ತಿಲ್ಲ.

ಬೀಗಗಳ ಜೊತೆಗೆ ಒಂದು ಪ್ಲಾಸ್ಟಿಕ್ ಕವರು ಬಂದಿತ್ತು. ಅದರಲ್ಲಿ ಒಂದು ಚೀಟಿ ಮತ್ತು ಒಂದು ಚಿಕ್ಕ ಬೀಗದ ಕೈ. ಚೀಟಿಯಲ್ಲಿ ಹನ್ನೆರಡು ಸಾಲು. ಪ್ರತಿ ಸಾಲಿನಲ್ಲೂ ಬೀಗದ ಸೀರಿಯಲ್ ನಂಬರು, ಅದರ ಮುಂದೆ ಅದನ್ನು ತೆಗೆಯುವ ಮೂರು ಅಂಕಿ. ಬೀಗ ಹಂಚುವಾಗ ಚೀಟಿ ಕೆಲಸಕ್ಕೆ ಬಂತು. ಆ ಚಿಕ್ಕ ಕೈ ಯಾತಕ್ಕೆ ಅಂತ ಯಾರೂ ಕೇಳಲಿಲ್ಲ. ನಂಬರು ಬೀಗಕ್ಕೆ ಕೈ ಯಾಕೆ, ಯಾವುದೋ ಬೇರೆ ಬೀಗದ್ದು ಸೇರಿಕೊಂಡಿರಬೇಕು ಅಂದುಕೊಂಡೆವು. ಕವರನ್ನು ಕಛೇರಿಯ ಮೇಜಿನ ಡ್ರಾಯರಿನಲ್ಲಿ ಹಾಕಿದ್ದಾಯಿತು. ಆ ಡ್ರಾಯರಿನಲ್ಲಿ ರಬ್ಬರ್ ಸ್ಟಾಂಪು, ಇಂಕ್ ಪ್ಯಾಡು, ಕಾಫಿ ಪುಡಿ, ಗುಂಡುಸೂಜಿ ಎಲ್ಲವೂ ಇರುತ್ತಿದ್ದವು. ದಿವಸಕ್ಕೆ ಇಪ್ಪತ್ತು ಸಲ ಇಪ್ಪತ್ತು ಜನ ಅದನ್ನು ಎಳೆಯುತ್ತಿದ್ದರು.

2019ರ ಮುಂಗಾರು. ಜೂನ್ ಕೊನೆಯ ವಾರ ಒಂದು ಲೋಡು ಯೂರಿಯಾ ಬಂತು. ಸೋಮವಾರ ಇಳಿಸಿ, ಎಣಿಸಿ, ದಾಸ್ತಾನು ವಹಿಯಲ್ಲಿ ಬರೆದು ಬೀಗ ಹಾಕಿದರು. ಶನಿವಾರ ಹಂಚಲು ತೆಗೆದರೆ 14 ಮೂಟೆ ಕಡಿಮೆ. 45 ಕಿಲೋ ಮೂಟೆ. ಹಣದ ಲೆಕ್ಕದಲ್ಲಿ ನಾಲ್ಕು ಸಾವಿರ ರೂಪಾಯಿಯ ಒಳಗಿನ ಬಾಬತ್ತು. ಆದರೆ ಬಿತ್ತನೆ ಸಮಯದಲ್ಲಿ ಒಂದು ಮೂಟೆ ಯೂರಿಯಾಕ್ಕೆ ಸಾಲುಗಟ್ಟಿ ನಿಲ್ಲುವವರಿಗೆ ಅದು ನಾಲ್ಕು ಲಕ್ಷಕ್ಕೆ ಸಮ. ಊರೆಲ್ಲ ಗುಲ್ಲಾಯಿತು.

ತುರ್ತು ಸಭೆ ಸೇರಿದೆವು. ಬೀಗ ಮುರಿದಿಲ್ಲ, ಚಿಲಕ ಕಿತ್ತಿಲ್ಲ, ಹೆಂಚು ಸರಿಸಿಲ್ಲ. ಕಾರ್ಯದರ್ಶಿಗಳು ಮಗಳ ಮದುವೆಗೆ ರಜೆ ಹಾಕಿ ಆ ವಾರವೆಲ್ಲ ಬೇರೆ ಊರಿನಲ್ಲಿದ್ದರು. ಆಗ ಸಭೆಯಲ್ಲಿ ಒಂದು ಮಾತು ಬಂತು: "ನಂಬರು ಗೊತ್ತಿರೋದು ಇಬ್ಬರಿಗೆ. ಒಬ್ಬರು ಊರಲ್ಲಿರಲಿಲ್ಲ. ಉಳಿದವರು ಯಾರು ಅಂತ ನೀವೇ ಲೆಕ್ಕ ಹಾಕಿ." ಈ ಮಾತು ಆಡಿದವರು ಬೇರೆ ಯಾರೂ ಅಲ್ಲ, ನಾವೇ. ಆ ದಿವಸದ ನಡವಳಿ ಪುಸ್ತಕದಲ್ಲಿ ಅದು ನಮ್ಮ ಹೆಸರಿನಲ್ಲೇ ಇದೆ, ಬೇಕಾದವರು ನೋಡಬಹುದು.

ಜವಾನರು ನಮಗಿಂತ ವಯಸ್ಸಿನಲ್ಲಿ ಹಿರಿಯರು. ಸಂಘ ಶುರುವಾದ ದಿವಸದಿಂದ ಬಾಗಿಲು ಗುಡಿಸಿ ದೀಪ ಹಚ್ಚಿದವರು. ಅವರನ್ನು ಕರೆಸಿ ಕೇಳಿದೆವು. "ನಾನು ತೆಗೆದಿಲ್ಲ ಸ್ವಾಮಿ" ಅಂದರು. ಇನ್ನೊಂದು ಮಾತಾಡಲಿಲ್ಲ. ಪೊಲೀಸಿಗೆ ಕೊಡೋದು ಬೇಡ, ಊರಿನ ಮರ್ಯಾದೆ ಪ್ರಶ್ನೆ, ಸ್ವಲ್ಪ ದಿವಸ ಕೆಲಸಕ್ಕೆ ಬರೋದು ಬೇಡ ಅಂತ ಹೇಳಿ ಕಳಿಸಿದೆವು. ನಾವು ಅದನ್ನು ದಯೆ ಅಂತ ತಿಳಿದಿದ್ದೆವು. ದೂರು ಕೊಟ್ಟಿದ್ದರೆ ವಿಚಾರಣೆಯಾದರೂ ಆಗುತ್ತಿತ್ತು, ತಪ್ಪಿಲ್ಲ ಅಂತ ಹೇಳಿಸಿಕೊಳ್ಳುವ ದಾರಿಯಾದರೂ ಇರುತ್ತಿತ್ತು. ನಾವು ಆ ದಾರಿಯನ್ನೂ ಮುಚ್ಚಿದೆವು. ಆಷಾಢ ಪೂರ್ತಿ, ಶ್ರಾವಣ ಅರ್ಧ ಆ ಮನುಷ್ಯ ಹೊರಗೆ ಮುಖ ತೋರಿಸಲಿಲ್ಲ. ಅವರ ಮನೆಯವರು ನಲ್ಲಿ ನೀರಿಗೆ ಬರುವ ಹೊತ್ತು ಬದಲಾಯಿಸಿಕೊಂಡರು ಅಂತ ಆಮೇಲೆ ನಮ್ಮ ಮನೆಯಲ್ಲಿ ಹೇಳಿದರು.

ಆಗಸ್ಟಿನಲ್ಲಿ ಲೆಕ್ಕಪರಿಶೋಧನೆಗೆ ಬಂದವರು ವಯಸ್ಸಾದ ಅನುಭವಸ್ಥರು. ಗೋಡೌನಿನ ದಾಸ್ತಾನು ನೋಡಲು ಹೋದಾಗ ಬಾಗಿಲಿಗೆ ನೇತಾಡುತ್ತಿದ್ದ ಬೀಗವನ್ನು ಹಿಡಿದು ಸುಮ್ಮನೆ ಹಿಂದು ಮುಂದು ಮಾಡಿದರು. ಬೆನ್ನಿನ ಕಡೆ ಸೀರಿಯಲ್ ನಂಬರು ಕೊರೆದಿತ್ತು. ಪಕ್ಕದಲ್ಲಿ ಒಂದು ಸಣ್ಣ ತೂತು. "ಈ ತೂತಿನ ಕೈ ಎಲ್ಲಿದೆ?" ಅಂದರು.

ನಾವು ಮೂರು ವರ್ಷ ಆ ಬೀಗ ಹಾಕಿ ತೆಗೆದಿದ್ದೆವು. ಅದರ ಬೆನ್ನು ಯಾವಾಗಲೂ ಬಾಗಿಲಿನ ಕಡೆಗೇ ಇರುತ್ತಿತ್ತು. ಒಬ್ಬರೂ ತಿರುಗಿಸಿ ನೋಡಿರಲಿಲ್ಲ.

ಓಡಿ ಹೋಗಿ ಡ್ರಾಯರು ಎಳೆದೆವು. ಕವರು ಇತ್ತು. ಚೀಟಿ ಇತ್ತು. ಕೈ ಇರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಆವತ್ತು ಅಲ್ಲಿದ್ದ ನಾವೆಲ್ಲರೂ ಹೆಗಲು ಮುಟ್ಟಿ ನೋಡಿಕೊಳ್ಳುವ ಹಾಗಾಯಿತು. ಯಾಕೆಂದರೆ ಆ ಡ್ರಾಯರು ಎಳೆಯದವರು ನಮ್ಮಲ್ಲಿ ಯಾರೂ ಇರಲಿಲ್ಲ.

ಬಂಧುಗಳೇ, ಇಂಥ ಬೀಗ ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ಆಮೇಲೆ ನಾವು ವಿಚಾರಿಸಿ ತಿಳಿದುಕೊಂಡೆವು. ಒಳಗೆ ಒಂದರ ಹಿಂದೆ ಒಂದು ಮೂರು ತಟ್ಟೆಗಳಿವೆ. ಪ್ರತಿ ತಟ್ಟೆಯ ಅಂಚಿನಲ್ಲೂ ಒಂದು ಕಚ್ಚು. ಸರಿಯಾದ ಅಂಕಿಗೆ ತಿರುಗಿಸಿದಾಗ ಮೂರು ಕಚ್ಚುಗಳೂ ಒಂದೇ ಸಾಲಿಗೆ ಬರುತ್ತವೆ. ಆಗ ಕೊಂಡಿಯನ್ನು ಹಿಡಿದಿರುವ ಅಗುಳಿಗೆ ಸರಿದುಕೊಳ್ಳಲು ಜಾಗ ಸಿಗುತ್ತದೆ, ಕೊಂಡಿ ಬಿಡುತ್ತದೆ. ಬೆನ್ನಿನ ತೂತಿಗೆ ಹಾಕುವ ಕೈಗೆ ಈ ತಟ್ಟೆಗಳ ಹಂಗೇ ಇಲ್ಲ. ಅದು ನೇರವಾಗಿ ಹಿಡಿತವನ್ನು ಬಿಡಿಸುತ್ತದೆ. ಮುಂದಿನ ಬಾಗಿಲಿನಲ್ಲಿ ಮೂರು ಕಾವಲುಗಾರರು ನಿಂತಿದ್ದಾರೆ, ಹಿತ್ತಲ ಬಾಗಿಲಿಗೆ ಒಂದೇ ಕೈ ಸಾಕು. ಅದಕ್ಕೇ ಅದನ್ನು ಮಾಸ್ಟರ್ ಕೀ ಅನ್ನುವುದು. ಅದೂ ಒಂದು ಬೀಗದ್ದಲ್ಲ. ನಮ್ಮ ಹನ್ನೆರಡು ಬೀಗಕ್ಕೂ ಅದೊಂದೇ ಕೈ.

ಹಾಗಾದರೆ ಬೀಗ ಮಾಡಿದವರು ದಡ್ಡರೇ? ಅಲ್ಲ. ಅಮೆರಿಕದ ಶಾಲೆಗಳಲ್ಲಿ ಮಕ್ಕಳು ಪುಸ್ತಕ, ಬಟ್ಟೆ ಇಡಲು ಕಬ್ಬಿಣದ ಚಿಕ್ಕ ಬೀರುಗಳಿರುತ್ತವೆ. ಈ ಮಾದರಿಯ ಬೀಗ ಹೆಚ್ಚಾಗಿ ಬಳಕೆಗೆ ಬಂದದ್ದು ಅಲ್ಲಿ. ಮಿಲ್ವಾಕಿ ಅನ್ನುವ ಊರಿನಲ್ಲಿ 1921ರಲ್ಲಿ ಹ್ಯಾರಿ ಸೊರೆಫ್ ಎಂಬುವರು ಶುರು ಮಾಡಿದ ಮಾಸ್ಟರ್ ಲಾಕ್ ಎಂಬ ಕಂಪನಿ ಇಂಥ ಬೀಗಗಳಿಗೆ ಹೆಸರುವಾಸಿ. ನಾವು ತಂದದ್ದು ಆ ಕಂಪನಿಯದಲ್ಲ, ಅದೇ ಮಾದರಿಯದು. ಒಂದು ಶಾಲೆಯಲ್ಲಿ ಸಾವಿರ ಮಕ್ಕಳಿದ್ದರೆ ಸಾವಿರ ಬೀಗ. ಮಗು ತನ್ನ ನಂಬರು ಮರೆತರೆ ಏನು ಮಾಡಬೇಕು? ಕಛೇರಿಗೆ ಹೋಗಿ ಬೀಗದ ಬೆನ್ನಿನ ಸೀರಿಯಲ್ ನಂಬರು ಹೇಳಬೇಕು. ಕಛೇರಿಯವರು ತಮ್ಮ ಪುಸ್ತಕ ತೆಗೆದು, ಆ ಸೀರಿಯಲ್ಲಿನ ಮುಂದೆ ಬರೆದಿರುವ ಮೂರು ಅಂಕಿ ನೋಡಿ, ಅದು ಆ ಮಗುವಿನ ಬೀಗವೇ ಅಂತ ಖಾತ್ರಿ ಮಾಡಿಕೊಂಡು ಹೇಳುತ್ತಾರೆ. ಬೀರುವನ್ನು ತುರ್ತಾಗಿ ತೆಗೆಯಬೇಕಾದ ಪ್ರಸಂಗ ಬಂದರೆ ಮುಖ್ಯೋಪಾಧ್ಯಾಯರ ಹತ್ತಿರ ಮಾಸ್ಟರ್ ಕೀ ಇರುತ್ತದೆ. ಅಂದರೆ ಸೀರಿಯಲ್ ನಂಬರು ಮರೆವಿಗೆ ಔಷಧಿ, ಮಾಸ್ಟರ್ ಕೀ ತುರ್ತಿಗೆ ಔಷಧಿ. ಎರಡೂ ಬೇಕಾದದ್ದೇ. ನಾವು ಬೀಗ ತಂದೆವು, ಬೀಗದ ಹಿಂದಿನ ಕಛೇರಿಯ ಶಿಸ್ತು ತರಲಿಲ್ಲ.

ಸೀರಿಯಲ್ ನಂಬರಿನ ಬಗ್ಗೆ ಇನ್ನೊಂದು ಮಾತು. ಬೆನ್ನ ಮೇಲಿನ ಸೀರಿಯಲ್ ನಂಬರಿನಲ್ಲೇ ಬೀಗದ ಗುಟ್ಟು ಅಡಗಿದೆ, ಕೂಡಿ ಕಳೆದು ಭಾಗಿಸಿದರೆ ಮೂರು ಅಂಕಿ ಸಿಗುತ್ತದೆ ಅಂತ ಕೆಲವರು ತಿಳಿದಿದ್ದಾರೆ. ಹಾಗೇನೂ ಇಲ್ಲ. ತಮ್ಮ ಕೊಟ್ಟಿಗೆಯಲ್ಲಿರುವ ಹಸುವಿನ ಕಿವಿಗೆ 12 ಅಂಕಿಯ ಬಿಲ್ಲೆ ಹಾಕಿದ್ದಾರೆ. ಆ 12 ಅಂಕಿ ನೋಡಿ ಹಸು ಎಷ್ಟು ಹಾಲು ಕೊಡುತ್ತದೆ, ಎಷ್ಟನೇ ಸೂಲು ಅಂತ ಹೇಳಲು ಬರುತ್ತದೆಯೇ? ಬರುವುದಿಲ್ಲ. ಆದರೆ ಆ ಅಂಕಿ ಹಿಡಿದುಕೊಂಡು ಇಲಾಖೆಯ ದಾಖಲೆ ತೆಗೆದರೆ ಹಸುವಿನ ಜಾತಕವೇ ಸಿಗುತ್ತದೆ. ಬೀಗದ ಸೀರಿಯಲ್ಲೂ ಹಾಗೆಯೇ. ಅದು ಗುಟ್ಟಲ್ಲ, ಯಾರು ಬೇಕಾದರೂ ನೋಡಬಹುದು. ಅದನ್ನು ಮೂರು ಅಂಕಿಗೆ ಸೇರಿಸುವ ಪಟ್ಟಿ ಗುಟ್ಟು. ಮಾಸ್ಟರ್ ಲಾಕ್ ಕಂಪನಿಯವರು ನಂಬರು ಮರೆತ ಮಾಲೀಕರಿಂದ ಸೀರಿಯಲ್ ನಂಬರಿನ ಜೊತೆಗೆ ನೋಟರಿ ಮುಂದೆ ಸಹಿ ಮಾಡಿದ ಅರ್ಜಿ ಕೇಳುವ ಪದ್ಧತಿ ಇಟ್ಟುಕೊಂಡು ಬಂದಿದ್ದಾರೆ. ಬೀಗ ಮಾಡಿದವರೇ ಪಟ್ಟಿಗೆ ಅಷ್ಟು ಬೆಲೆ ಕೊಡುತ್ತಾರೆ. ನಾವು ಪಟ್ಟಿಯನ್ನು ಕಾಫಿ ಪುಡಿಯ ಪಕ್ಕ ಇಟ್ಟಿದ್ದೆವು. ಮಾಸ್ಟರ್ ಕೀ ಕಳೆಯದೆ ಇದ್ದಿದ್ದರೂ ಆ ಪಟ್ಟಿ ನೋಡಿದ ಯಾರು ಬೇಕಾದರೂ ಹನ್ನೆರಡು ಬೀಗ ತೆಗೆಯಬಹುದಿತ್ತು.

"ನಂಬರು ಗೊತ್ತಿರೋದು ಇಬ್ಬರಿಗೇ" ಅನ್ನುವ ನಮ್ಮ ಮಾತು ಎಷ್ಟು ಸುಳ್ಳು ಅಂತ ತಮಗೆ ಈಗ ಗೊತ್ತಾಗಿರಬೇಕು. ನಾವು ಬಾಯಲ್ಲಿ ಹೇಳಿದ್ದು ಇಬ್ಬರಿಗೆ. ಡ್ರಾಯರು ಹೇಳಿದ್ದು ಊರಿಗೆಲ್ಲ.

ಈ ಬೀಗಗಳ ಬಲದ ಲೆಕ್ಕವನ್ನೂ ಸ್ವಲ್ಪ ನೋಡೋಣ. ಸೂಟ್‌ಕೇಸಿನ ಮೂರು ಚಕ್ರದ ಬೀಗಕ್ಕೆ 000ಯಿಂದ 999ರ ತನಕ ಸಾವಿರ ಜೋಡಣೆ. ಒಂದಕ್ಕೆ ಎರಡು ಸೆಕೆಂಡು ಹಿಡಿದರೆ 2,000 ಸೆಕೆಂಡು, ಅಂದರೆ ಸುಮಾರು 33 ನಿಮಿಷ. ಕೆಲಸವಿಲ್ಲದ ಹುಡುಗ ಒಂದು ಸಿನಿಮಾ ಅರ್ಧ ನೋಡುವಷ್ಟರಲ್ಲಿ ತೆಗೆಯುತ್ತಾನೆ. ನಾಲ್ಕು ಚಕ್ರವಾದರೆ 10,000 ಜೋಡಣೆ, ಐದೂವರೆ ಗಂಟೆ. ನಮ್ಮ ಬಿಲ್ಲೆ ಬೀಗಕ್ಕೆ 40 ಅಂಕಿ, ಮೂರು ಸಲ. 40ನ್ನು 40ರಿಂದ ಗುಣಿಸಿ ಮತ್ತೆ 40ರಿಂದ ಗುಣಿಸಿದರೆ 64,000. ಕೇಳಲಿಕ್ಕೆ ದೊಡ್ಡ ಸಂಖ್ಯೆ. ಆದರೆ 2015ರಲ್ಲಿ ಅಮೆರಿಕದ ಸ್ಯಾಮಿ ಕಮ್ಕರ್ ಎಂಬ ತರುಣ ತಂತ್ರಜ್ಞರು, ಈ ಮಾದರಿಯ ಒಂದು ಬೀಗದ ಬಿಲ್ಲೆ ಎಲ್ಲೆಲ್ಲಿ ಬಿಗಿಯಾಗುತ್ತದೆ ಅಂತ ಕೈಯಲ್ಲೇ ಅಳೆದು, ಎಂಟು ಪ್ರಯತ್ನದೊಳಗೆ ತೆಗೆಯುವ ಬಗೆಯನ್ನು ತೋರಿಸಿಕೊಟ್ಟರು. 64,000 ಎಲ್ಲಿ, ಎಂಟು ಎಲ್ಲಿ! ಇಂಥ ಬೀಗ ಶಾಲೆ ಮಕ್ಕಳ ಪುಸ್ತಕಕ್ಕೆ ಸರಿ. ಸಾರ್ವಜನಿಕರ ಸ್ವತ್ತಿರುವ ಗೋಡೌನಿಗೆ ಅದೊಂದನ್ನೇ ನಂಬಬಾರದು.

ಮಾಸ್ಟರ್ ಕೀ ಎಷ್ಟು ಸೂಕ್ಷ್ಮದ ವಸ್ತು ಅನ್ನುವುದಕ್ಕೆ ತಮ್ಮ ಮನೆಯಲ್ಲೇ ಇರುವ ಒಂದು ಉದಾಹರಣೆ ಹೇಳುತ್ತೇವೆ. ಮಕ್ಕಳು ದುಬೈಗೋ ಅಮೆರಿಕಕ್ಕೋ ಹೋಗುವಾಗ ಕೊಂಡ ಸೂಟ್‌ಕೇಸಿನ ನಂಬರು ಬೀಗವನ್ನು ನೋಡಿ. ಪಕ್ಕದಲ್ಲಿ ಒಂದು ಸಣ್ಣ ತೂತು, ಹತ್ತಿರ 007 ಅಂತಲೋ 002 ಅಂತಲೋ ಬರೆದಿರುತ್ತದೆ. ಅದರ ಕೈಯನ್ನು ನಿಮಗೆ ಕೊಡುವುದಿಲ್ಲ. ಅದು ಅಮೆರಿಕದ ವಿಮಾನ ನಿಲ್ದಾಣದ ತಪಾಸಣೆಯವರ ಹತ್ತಿರ ಇರುತ್ತದೆ. ಪೆಟ್ಟಿಗೆ ಒಡೆಯದೆ ತೆಗೆದು ನೋಡಿ ಮತ್ತೆ ಮುಚ್ಚಲಿ ಅಂತ 2003ರಿಂದ ಮಾಡಿದ ಏರ್ಪಾಡು. ಆ ಅಂಕಿ, ಯಾವ ಮಾಸ್ಟರ್ ಕೀ ಹಾಕಬೇಕು ಅನ್ನುವುದರ ಗುರುತು. 2014ರ ನವೆಂಬರಿನಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯ ಒಂದು ಲೇಖನದ ಜೊತೆಗೆ ಆ ಕೈಗಳ ಗೊಂಚಲಿನ ಫೋಟೋ ಅಚ್ಚಾಯಿತು. ಮಾರನೇ ವರ್ಷ, 2015ರಲ್ಲಿ, ಆ ಫೋಟೋ ಜನರ ಕಣ್ಣಿಗೆ ಬಿದ್ದು, ಹಲ್ಲುಗಳ ಅಳತೆ ತೆಗೆದು, ಪ್ಲಾಸ್ಟಿಕ್ಕಿನಲ್ಲಿ ಕೈ ಅಚ್ಚು ಹಾಕುವ ನಕಾಶೆಯನ್ನು ಕಂಪ್ಯೂಟರಿನಲ್ಲಿ ಎಲ್ಲರಿಗೂ ಹಂಚಿಬಿಟ್ಟರು. ಕೈ ಕಳುವಾಗಲಿಲ್ಲ. ಕೈಯ ಚಿತ್ರ ಹೊರಬಿತ್ತು, ಅಷ್ಟೇ ಸಾಕಾಯಿತು. ಕೋಟಿಗಟ್ಟಲೆ ಸೂಟ್‌ಕೇಸಿನ ಬೀಗಗಳನ್ನು ಹಿಂದಕ್ಕೆ ಕರೆಸಿ ಬದಲಾಯಿಸಲಾಗುತ್ತದೆಯೇ?

ಇದನ್ನು ಯಾಕೆ ಹೇಳಿದೆವು ಅಂದರೆ, ನಮ್ಮಲ್ಲಿ ಹೊಸ ಗೋಡೌನು ಉದ್ಘಾಟನೆಯಾದ ದಿವಸ ಅಧ್ಯಕ್ಷರಿಗೆ ಬೀಗದ ಕೈ ಗೊಂಚಲು ಹಸ್ತಾಂತರ ಮಾಡುವ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿದ್ದೆವು. ಕೈಯ ಹಲ್ಲುಗಳು, ಅದರ ಮೇಲೆ ಕೊರೆದ ನಂಬರು ಎಲ್ಲ ಸ್ಪಷ್ಟವಾಗಿ ಕಾಣುತ್ತಿದ್ದವು. ಕೈಯ ಹಲ್ಲಿನ ಅಳತೆ ಗೊತ್ತಾದರೆ ಕಸುಬುದಾರರು ಬೀಗ ನೋಡದೆಯೇ ಇನ್ನೊಂದು ಕೈ ಅರೆದು ಕೊಡಬಲ್ಲರು. ಆದ್ದರಿಂದ ಫೋಟೋ ತೆಗೆಯುವಾಗ ಹಾರದ ಫೋಟೋ ತೆಗೆಯಿರಿ, ಬೀಗದ ಕೈಯದು ಬೇಡ.

ಮೂರನೆಯ ಉದಾಹರಣೆ ತಿಜೋರಿಯದು. ರಿಚರ್ಡ್ ಫೈನ್‌ಮನ್ ಎಂಬ ದೊಡ್ಡ ವಿಜ್ಞಾನಿ ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಲಾಸ್ ಅಲಾಮೋಸ್‌ನಲ್ಲಿ ಅಣುಬಾಂಬಿನ ಕೆಲಸದಲ್ಲಿದ್ದರು. ಅವರಿಗೆ ಬೀಗ ತೆಗೆಯುವ ಹುಚ್ಚು. ಒಂದು ಸಲ ಅಲ್ಲಿನ ಬೀಗ ರಿಪೇರಿಯವರು ಒಬ್ಬ ಅಧಿಕಾರಿಯ ಭಾರಿ ತಿಜೋರಿಯನ್ನು ಸಲೀಸಾಗಿ ತೆಗೆದರಂತೆ. ಇವರು ಅವರ ಸ್ನೇಹ ಮಾಡಿಕೊಂಡು ಗುಟ್ಟು ಕೇಳಿದರೆ ಗುಟ್ಟೇನೂ ಇಲ್ಲ. ಕಾರ್ಖಾನೆಯಿಂದ ಬರುವಾಗ ಇದ್ದ ನಂಬರನ್ನು ಆ ಅಧಿಕಾರಿ ಬದಲಾಯಿಸಿಯೇ ಇರಲಿಲ್ಲ. ಆಮೇಲೆ ಫೈನ್‌ಮನ್ ಅವರೇ ಪರೀಕ್ಷೆ ಮಾಡಿ ನೋಡಿದರೆ ಸುಮಾರು ಐದಕ್ಕೆ ಒಂದು ತಿಜೋರಿ ಕಾರ್ಖಾನೆಯ ನಂಬರಿಗೇ ತೆರೆಯಿತು. 1985ರಲ್ಲಿ ಬಂದ ಅವರ ನೆನಪುಗಳ ಪುಸ್ತಕದಲ್ಲಿ ಇದನ್ನು ಹೇಳಿದ್ದಾರೆ. ಅಣುಬಾಂಬಿನ ಕಾಗದಗಳಿದ್ದ ಕಡೆಯೇ ಹೀಗಾದರೆ ನಮ್ಮ ಪಾಡೇನು? ತಮ್ಮಲ್ಲಿ ಎಷ್ಟು ಜನರ ಸೂಟ್‌ಕೇಸು ಇನ್ನೂ 0-0-0ಗೇ ತೆರೆಯುತ್ತದೆ ಅಂತ ಕೈ ಎತ್ತಲು ಹೇಳುವುದಿಲ್ಲ. ಮನೆಗೆ ಹೋಗಿ ನೋಡಿಕೊಳ್ಳಿ.

ಈಗ ನಮ್ಮ ಕಥೆಗೆ ವಾಪಸು ಬರುತ್ತೇವೆ.

ಮಾಸ್ಟರ್ ಕೀ ಹೋಗಿದೆ ಅಂತ ಗೊತ್ತಾದ ಸಂಜೆಯೇ ನಾವು ಮೂರು ಜನ ಜವಾನರ ಮನೆಗೆ ಹೋದೆವು. ಅವರು ಜಗಲಿ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದರು. ನಡೆದದ್ದೆಲ್ಲ ಹೇಳಿ, "ತಪ್ಪಾಯ್ತು ಅಣ್ಣಾ, ನಾಳೆಯಿಂದ ಕೆಲಸಕ್ಕೆ ಬನ್ನಿ" ಅಂದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು ಕೇಳಿದ್ದು ಒಂದೇ ಮಾತು: "ಹಾಗಾದ್ರೆ ಮೂಟೆ ಕದ್ದೋರು ಸಿಕ್ಕಿದ್ರಾ ಸ್ವಾಮಿ?" ಸಿಕ್ಕಿರಲಿಲ್ಲ. ಇವತ್ತಿನವರೆಗೂ ಸಿಕ್ಕಿಲ್ಲ, ಆ ಕೈಯೂ ಸಿಕ್ಕಿಲ್ಲ. ಅವರ ಪ್ರಶ್ನೆಯ ಅರ್ಥ ನಮಗೆ ದಾರಿಯಲ್ಲಿ ಬರುವಾಗ ಹೊಳೆಯಿತು. ಕಳ್ಳ ಸಿಗುವ ತನಕ ಊರಿನ ಬಾಯಿಗೆ ಬೀಗ ಬೀಳುವುದಿಲ್ಲ. ನಾವು ತಪ್ಪು ಒಪ್ಪಿಕೊಂಡರೂ ಅವರ ಮೇಲಿನ ಮಾತು ಪೂರ್ತಿ ಹೋಗುವುದಿಲ್ಲ. ಮಾಸ್ಟರ್ ಕೀಯಿಂದ ಹನ್ನೆರಡು ಬೀಗ ತೆಗೆಯಬಹುದು, ಹೋದ ಮಾನವನ್ನು ತರುವ ಕೈ ಯಾವ ಕಾರ್ಖಾನೆಯಲ್ಲೂ ಮಾಡುವುದಿಲ್ಲ.

ಮುಂದಿನ ಸಭೆಯಲ್ಲಿ ಹಿಂದಿನ ತೀರ್ಮಾನ ರದ್ದು ಮಾಡಿ, ಜವಾನರ ಮೇಲೆ ಯಾವ ಆಪಾದನೆಯೂ ಇಲ್ಲ ಅಂತ ಠರಾವು ಬರೆದೆವು. ಆ ಒಂದೂವರೆ ತಿಂಗಳ ಸಂಬಳ ಕೊಟ್ಟೆವು. ಮೂಟೆಗಳ ಹಣವನ್ನು ನಿರ್ದೇಶಕರೇ ಹಂಚಿಕೊಂಡು ಕಟ್ಟಿದೆವು. ವಾರ್ಷಿಕ ಮಹಾಸಭೆಯಲ್ಲಿ ಆ ಠರಾವನ್ನು ಗಟ್ಟಿಯಾಗಿ ಓದಿಸಿದೆವು. ಅವರು ಕೆಲಸಕ್ಕೆ ಬಂದರು. ಬಂದ ಮೊದಲ ದಿವಸ, "ಹೊಸ ಬೀಗ ಹಾಕಿ ಸ್ವಾಮಿ, ಅದರ ನಂಬರು ಮಾತ್ರ ನನಗೆ ಹೇಳಬೇಡಿ" ಅಂದರು. ನಿವೃತ್ತಿಯಾಗುವ ತನಕ ಹೇಳಿಸಿಕೊಳ್ಳಲಿಲ್ಲ. ಬಾಗಿಲು ತೆಗೆಯುವಾಗ ಹಿಂದಕ್ಕೆ ತಿರುಗಿ ನಿಲ್ಲುತ್ತಿದ್ದರು. ಇಪ್ಪತ್ತು ವರ್ಷ ನಂಬಿಕೆಯಿಂದ ಕೆಲಸ ಮಾಡಿದ ಮನುಷ್ಯ ಬೀಗಕ್ಕೆ ಬೆನ್ನು ಮಾಡಿ ನಿಲ್ಲುವುದನ್ನು ನೋಡುವುದು ನಮಗೆ ಯಾವ ದಂಡಕ್ಕಿಂತಲೂ ಹೆಚ್ಚಾಗಿತ್ತು.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ನಾವೂ ಹಾಗೆ ಆಮೇಲೆ ಕೆಲವು ನಿಯಮ ಮಾಡಿಕೊಂಡೆವು. ಬೇರೆ ಸಂಘಗಳವರೂ ಇಲ್ಲಿ ಬಂದಿರುವುದರಿಂದ ಅವನ್ನು ಹೇಳುತ್ತೇವೆ.

ಒಂದು, ಬೀಗಗಳಿಗೇ ಒಂದು ವಹಿ ಇಟ್ಟಿದ್ದೇವೆ. ಬೀಗದ ಸೀರಿಯಲ್ ನಂಬರು, ಯಾವ ಬಾಗಿಲಿಗೆ, ಯಾವ ತಾರೀಖಿನಿಂದ, ಎಷ್ಟು ಕೈ, ಯಾರ ಯಾರ ಹತ್ತಿರ ಅಂತ ಅದರಲ್ಲಿ ಸಹಿ ಸಮೇತ ಇರುತ್ತದೆ. ಬೀಗ ತೆಗೆಯುವ ಅಂಕಿಯನ್ನು ಈ ವಹಿಯಲ್ಲಿ ಎಂದೂ ಬರೆಯುವುದಿಲ್ಲ. ಎರಡು, ಅಂಕಿಗಳ ಪಟ್ಟಿಯನ್ನು ಲಕೋಟೆಯಲ್ಲಿ ಹಾಕಿ, ಅರಗು ಒತ್ತಿ, ಅದರ ಮೇಲೆ ಇಬ್ಬರು ಸಹಿ ಮಾಡಿ ಸಂಘದ ಕಟ್ಟಡದ ಹೊರಗೆ, ಬ್ಯಾಂಕಿನ ಲಾಕರಿನಲ್ಲಿ ಇಟ್ಟಿದ್ದೇವೆ. ಮೂರು, ಮಾಸ್ಟರ್ ಕೀ ಇರುವ ಬೀಗ ತಂದರೆ ಆ ಕೈಯನ್ನು ಬೇರೆ ಲಕೋಟೆಯಲ್ಲಿ, ಪಟ್ಟಿಯ ಜೊತೆಗೆ ಸೇರಿಸದೆ, ಎರಡು ಕೈಯ ತಿಜೋರಿಯಲ್ಲಿ ಇಡಬೇಕು. ಲಕೋಟೆ ಒಡೆದರೆ ಯಾಕೆ ಒಡೆದೆವು ಅಂತ ಅದೇ ದಿವಸ ವಹಿಯಲ್ಲಿ ಬರೆಯಬೇಕು. ನಾಲ್ಕು, ನಂಬರು ತಿಳಿದವರು ಕೆಲಸ ಬಿಟ್ಟರೆ, ವರ್ಗವಾದರೆ ನಂಬರು ಬದಲಾಯಿಸಬೇಕು. ನಂಬರು ಬದಲಾಯಿಸಲು ಬರದ ಬೀಗವಾದರೆ ಈ ಬಾಗಿಲಿನದನ್ನು ಆ ಬಾಗಿಲಿಗೆ ಹಾಕಬೇಕು. ಐದು, ಸದಸ್ಯರ ಒಡವೆ ಇರುವ ಚಿನ್ನದ ಸಾಲದ ತಿಜೋರಿಗೆ ಒಬ್ಬರೇ ತೆಗೆಯುವಂಥ ಯಾವ ಬೀಗವನ್ನೂ ಹಾಕುವುದಿಲ್ಲ. ಎರಡು ಕೈ, ಇಬ್ಬರ ಹತ್ತಿರ, ಇಬ್ಬರೂ ಎದುರು ನಿಂತು ತೆಗೆಯಬೇಕು. ಇದು ಒಬ್ಬರ ಮೇಲೆ ಅಪನಂಬಿಕೆಯಿಂದ ಮಾಡಿದ್ದಲ್ಲ. ನಾಳೆ ಏನಾದರೂ ಹೆಚ್ಚು ಕಡಿಮೆಯಾದರೆ ಆ ಇಬ್ಬರ ಮಾನ ಉಳಿಯಲಿ ಅಂತ ಮಾಡಿದ್ದು.

ಆರನೆಯದು ವಹಿಯಲ್ಲಿಲ್ಲ, ನಮ್ಮ ಮನಸ್ಸಿನಲ್ಲಿದೆ. ಸಂಘದಲ್ಲಿ ಏನಾದರೂ ಕಾಣೆಯಾದರೆ ಮೊದಲು ಬೀಗದ ಕೈಗಳನ್ನು ಎಣಿಸಬೇಕು. ಪಟ್ಟಿ ಎಲ್ಲಿದೆ ನೋಡಬೇಕು. ಬೀಗವನ್ನು ತಿರುಗಿಸಿ ಬೆನ್ನು ನೋಡಬೇಕು. ಅದೆಲ್ಲ ಮುಗಿದ ಮೇಲೆ ಮನುಷ್ಯರ ಕಡೆ ನೋಡಬೇಕು. ನಾವು ಇದನ್ನು ತಿರುಗಾಮುರುಗಾ ಮಾಡಿದೆವು. ಅದೂ ಯಾರ ಕಡೆ ನೋಡಿದೆವು? ಸಭೆಯಲ್ಲಿ ಕುರ್ಚಿ ಇಲ್ಲದವರ ಕಡೆ. ಅದೇ ಡ್ರಾಯರು ಎಳೆಯುತ್ತಿದ್ದ ನಿರ್ದೇಶಕರ ಕಡೆ ಒಬ್ಬರೂ ಬೆರಳು ತೋರಲಿಲ್ಲ, ನಾವೂ ತೋರಲಿಲ್ಲ.

ನಮ್ಮ ದೇಶದ ಮೊದಮೊದಲ ಕೃಷಿ ಪತ್ತಿನ ಸಹಕಾರ ಸಂಘಗಳಲ್ಲಿ ಒಂದು 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಶುರುವಾಯಿತು ಅನ್ನುವುದು ತಮಗೆಲ್ಲ ತಿಳಿದ ವಿಷಯ. ಆವತ್ತಿನಿಂದ ಈವತ್ತಿನ ತನಕ ಸಹಕಾರ ಸಂಘ ನಡೆದಿರುವುದು ಒಬ್ಬರನ್ನೊಬ್ಬರು ನಂಬಿ. ನಂಬಿಕೆ ಇದ್ದರೆ ಬೀಗ ಯಾಕೆ ಅಂತ ಕೇಳುವವರಿದ್ದಾರೆ. ಬೀಗ ಕಳ್ಳನಿಗೆ ಮಾತ್ರ ಅಂತ ನಾವೂ ತಿಳಿದಿದ್ದೆವು. ಬೀಗ, ಅದರ ವಹಿ, ಅದರ ಸಹಿ ಇವು ಕಳ್ಳತನ ಮಾಡದವರ ಸಲುವಾಗಿಯೂ ಇವೆ. ನೆಟ್ಟಗೆ ಇಟ್ಟ ವಹಿ ಇದ್ದಿದ್ದರೆ 2019ರಲ್ಲಿ ನಮ್ಮ ಜವಾನರು "ನಾನು ತೆಗೆದಿಲ್ಲ" ಅಂದಾಗ ಅವರ ಪರವಾಗಿ ಆ ವಹಿ ಸಾಕ್ಷಿ ಹೇಳುತ್ತಿತ್ತು. ವಹಿ ಇರಲಿಲ್ಲ, ಅದಕ್ಕೆ ಅವರು ಒಬ್ಬರೇ ನಿಲ್ಲಬೇಕಾಯಿತು.

ಅವರು ಇವತ್ತು ಇಲ್ಲಿ ಬಂದಿದ್ದಾರೆ. ಮೂರನೇ ಸಾಲಿನಲ್ಲಿ ಕೂತಿದ್ದಾರೆ. ಹೆಸರು ಹೇಳಬೇಡಿ ಅಂದಿದ್ದಾರೆ, ಆದ್ದರಿಂದ ಹೇಳುವುದಿಲ್ಲ. ಈ ವಿಷಯ ಮಾತಾಡಬಹುದೇ ಅಂತ ಮೊನ್ನೆ ಅವರ ಮನೆಗೆ ಹೋಗಿ ಕೇಳಿಯೇ ಬಂದಿದ್ದೇವೆ. "ಹೇಳಿ ಸ್ವಾಮಿ, ಇನ್ನೊಂದು ಸಂಘದ ಜವಾನನಿಗಾದ್ರೂ ಉಪಯೋಗ ಆಗ್ಲಿ" ಅಂದರು.

ತಾವು ತಮ್ಮ ತಮ್ಮ ಸಂಘಕ್ಕೆ ಹೋದ ಮೇಲೆ ದಯಮಾಡಿ ಗೋಡೌನಿನ ಬೀಗವನ್ನು ಒಂದು ಸಲ ತಿರುಗಿಸಿ ನೋಡಿ. ಬೆನ್ನ ಮೇಲೆ ತೂತು ಇದ್ದರೆ ಅದರ ಕೈ ಎಲ್ಲಿದೆ ಅಂತ ಅವತ್ತೇ ಕೇಳಿ. ಮೇಜಿನ ಡ್ರಾಯರು ಎಳೆದು ನೋಡಿ.

 

ಜೈ ಸಹಕಾರ.